ತೇಜಸ್ ಮಾರ್ಕ್-1ಎ: ವಿಮಾನಕ್ಕೆ ಏಳು ಅಂಕ, ಖರೀದಿ ಯೋಜನೆಗೆ ಮೂರು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಮಿಗ್-21ಗಳು ಹಾರಿ ಇಳಿದವು. ಅಲ್ಲಿಗೆ ವಾಯುಪಡೆಯ ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಸಂಖ್ಯೆ 29ಕ್ಕೆ ಬಂತು. ಮಂಜೂರಾಗಿರುವುದು 42. ಅದರ ಹಿಂದಿನ ದಿನವಷ್ಟೇ ರಕ್ಷಣಾ ಸಚಿವಾಲಯ ಇನ್ನೂ 97 ತೇಜಸ್ ಮಾರ್ಕ್-1ಎ ವಿಮಾನಗಳಿಗಾಗಿ ಎಚ್‌ಎಎಲ್ ಜೊತೆ 62,370 ಕೋಟಿ ರೂಪಾಯಿ ಮೀರಿದ ಒಪ್ಪಂದಕ್ಕೆ ಸಹಿ ಹಾಕಿತ್ತು. ಹಳೆಯದಕ್ಕೆ ಹಾರ, ಹೊಸದಕ್ಕೆ ಅಡ್ವಾನ್ಸ್. ಲೆಕ್ಕ ಸರಿಹೋದ ಹಾಗೇ ಕಾಣುತ್ತದೆ. ಆದರೆ 2021ರಲ್ಲೇ ಆರ್ಡರ್ ಆಗಿದ್ದ ಮೊದಲ 83ರಲ್ಲಿ 2025 ಮುಗಿಯುವ ಹೊತ್ತಿಗೂ ಒಂದೇ ಒಂದು ವಿಮಾನ ವಾಯುಪಡೆಯ ಕೈ ಸೇರಿರಲಿಲ್ಲ. ಡೆಲಿವರಿ ಶುರುವಾಗಬೇಕಿದ್ದದ್ದು 2024ರ ಮಾರ್ಚ್ ಒಳಗೆ.

ಹಾಗಾಗಿ ಇಲ್ಲಿ ತೂಗಬೇಕಾದದ್ದು ಎರಡು ಸರಕು. ಒಂದು, ಬೆಂಗಳೂರಿನಲ್ಲಿ ತಯಾರಾಗುವ ವಿಮಾನ. ಇನ್ನೊಂದು, ಅದನ್ನು ವಾಯುಪಡೆಗೂ ನೌಕಾಪಡೆಗೂ ತಲುಪಿಸಲು ದಿಲ್ಲಿಯಲ್ಲಿ ತಯಾರಾಗುವ ಯೋಜನೆ. ಮೊದಲನೆಯದು ಚೆನ್ನಾಗಿದೆ. ಎರಡನೆಯದರ ಬಗ್ಗೆಯೇ ಹೆಚ್ಚು ಹೇಳಬೇಕಿದೆ.

ವಿಮಾನದಲ್ಲಿ ಏನಿದೆ

13.2 ಮೀಟರ್ ಉದ್ದ, 8.2 ಮೀಟರ್ ರೆಕ್ಕೆಯಗಲ, ಒಂದೇ ಎಂಜಿನ್. ಎದುರಿಗೆ ನಿಂತರೆ ತೀರಾ ಚಿಕ್ಕ ವಿಮಾನ. ತೂಕದ ಲೆಕ್ಕದಲ್ಲಿ ಒಡಲಿನ ನೂರಕ್ಕೆ ಸುಮಾರು 45 ಪಾಲು ಕಾರ್ಬನ್ ನಾರಿನಂಥ ಸಂಯುಕ್ತ ವಸ್ತು. ಹಾಗಾಗಿ ಹಗುರ, ತುಕ್ಕಿನ ಕಾಟ ಕಡಿಮೆ, ರೇಡಾರ್‌ಗೆ ಕಾಣುವುದೂ ಕಡಿಮೆ. ಬಾಲದ ಅಡ್ಡರೆಕ್ಕೆ ಇಲ್ಲದ ಡೆಲ್ಟಾ ವಿನ್ಯಾಸ; ಚುರುಕಾಗಿ ತಿರುಗಲೆಂದು ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ನಾಲ್ಕು ಪಟ್ಟಿನ ಡಿಜಿಟಲ್ ಫ್ಲೈ-ಬೈ-ವೈರ್ ಕಂಪ್ಯೂಟರ್ ಕ್ಷಣಕ್ಷಣಕ್ಕೂ ತಿದ್ದುತ್ತಿದ್ದರೆ ಮಾತ್ರ ನೆಟ್ಟಗೆ ಹಾರುತ್ತದೆ. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿ, ಅಲ್ಲಿ ಜೊತೆಗೂಡಿ ದುಡಿಯುತ್ತಿದ್ದ ನಮ್ಮ ತಂಡವನ್ನು ವಾಪಸ್ ಕಳುಹಿಸಿದಾಗ ಈ ನಿಯಂತ್ರಣ ಸೂತ್ರಗಳನ್ನು ಬೆಂಗಳೂರಿನಲ್ಲೇ ಕೂತು ಮುಗಿಸಿದರು. ಇಡೀ ಯೋಜನೆಯಲ್ಲಿ ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡಬಹುದಾದ ಭಾಗ ಇದು. 2001ರ ಜನವರಿ 4ರ ಮೊದಲ ಹಾರಾಟದಿಂದ 2024ರ ಮಾರ್ಚ್‌ನಲ್ಲಿ ಜೈಸಲ್ಮೇರ್ ಬಳಿ ಬೀಳುವವರೆಗೆ, 23 ವರ್ಷ ಒಂದು ತೇಜಸ್ ಕೂಡ ಪತನವಾಗಿರಲಿಲ್ಲ. ಎರಡನೆಯದು 2025ರ ನವೆಂಬರ್‌ನ ದುಬೈ ಪ್ರದರ್ಶನದಲ್ಲಿ ಬಿತ್ತು, ಪೈಲಟ್ ಉಳಿಯಲಿಲ್ಲ.

ವಾಯುಪಡೆಯ ಎರಡು ಸ್ಕ್ವಾಡ್ರನ್‌ಗಳಿಗೆ ಸೇರಿದ ಮಾರ್ಕ್-1ಕ್ಕೂ ಈ ಮಾರ್ಕ್-1ಎಗೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ನಲವತ್ತಕ್ಕೂ ಹೆಚ್ಚು ಬದಲಾವಣೆಗಳಿವೆ. ಅವುಗಳಲ್ಲಿ ಎರಡು ಮೂರು ಮಾತ್ರ ನಿಜಕ್ಕೂ ಕಾಸಿಗೆ ತಕ್ಕವು. ಮೊದಲನೆಯದು ರೇಡಾರ್. ಹಳೆಯದರಲ್ಲಿ ಮೂತಿಯೊಳಗಿನ ತಟ್ಟೆ ತಾನೇ ಎಡಕ್ಕೆ ಬಲಕ್ಕೆ ಓಲಾಡಿ ಹುಡುಕಬೇಕು. ಹೊಸ ಎಇಎಸ್‌ಎ ರೇಡಾರ್‌ನಲ್ಲಿ ತಟ್ಟೆ ಕದಲುವುದೇ ಇಲ್ಲ. ಅದರ ಮೇಲೆ ಕೂರಿಸಿದ ನೂರಾರು ಪುಟ್ಟ ಘಟಕಗಳು ತಮ್ಮ ತಮ್ಮಲ್ಲೇ ಸಮಯ ಹೊಂದಿಸಿಕೊಂಡು ಕಿರಣವನ್ನು ತಿರುಗಿಸುತ್ತವೆ. ಗುರಿಯೊಂದನ್ನು ಬೆನ್ನಟ್ಟುತ್ತಲೇ ಇನ್ನೊಂದನ್ನು ಹುಡುಕಬಹುದು. ಹತ್ತಾರು ಘಟಕ ಕೆಟ್ಟರೂ ಉಳಿದವು ಕೆಲಸ ನಡೆಸುತ್ತವೆ. ಹಳೆಯದರಲ್ಲಿ ಮೋಟಾರ್ ನಿಂತರೆ ಕಣ್ಣು ಹೋದ ಹಾಗೆ. ಮೊದಲ ವಿಮಾನಗಳಿಗೆ ಇಸ್ರೇಲಿನ ಇಎಲ್/ಎಂ-2052. ಹೊಸ 97ಕ್ಕೆ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದ ‘ಉತ್ತಮ್’.

ಎರಡನೆಯದು ವಿದ್ಯುನ್ಮಾನ ರಕ್ಷಣೆ. ಶತ್ರು ರೇಡಾರ್ ತನ್ನನ್ನು ಹಿಡಿದಿದೆ ಎಂದು ಎಚ್ಚರಿಸುವುದು ಮಾರ್ಕ್-1ಕ್ಕೂ ಗೊತ್ತಿತ್ತು. ಹಿಡಿದವನ ಕಿವಿ ಕಿವುಡಾಗಿಸುವ ಜ್ಯಾಮರ್ ಅದರಲ್ಲಿರಲಿಲ್ಲ. 2015ರಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಸಿಎಜಿ ಕೊಟ್ಟ ವರದಿಯಲ್ಲಿ, ಇರಬೇಕಾದ ಗುಣಮಟ್ಟದಿಂದ ಮಾರ್ಕ್-1ಕ್ಕೆ ಸಿಕ್ಕ 53 ವಿನಾಯಿತಿಗಳನ್ನು ಪಟ್ಟಿ ಮಾಡಲಾಗಿತ್ತು. ಈ ಕೊರತೆಯೂ ಆ ವರದಿಯಲ್ಲಿತ್ತು. ಮಾರ್ಕ್-1ಎಯಲ್ಲಿ ಜ್ಯಾಮರ್ ಪಾಡ್ ತೂಗುಹಾಕುವ ವ್ಯವಸ್ಥೆ ಬಂದಿದೆ, ಹೊಸ ಆರ್ಡರ್‌ಗೆ ‘ಸ್ವಯಂ ರಕ್ಷಾ ಕವಚ’ ಎಂಬ ದೇಶೀಯ ವಿದ್ಯುನ್ಮಾನ ರಕ್ಷಣಾ ವ್ಯವಸ್ಥೆ ಸೇರಿದೆ. ದೇಶೀಯ ಪಾಲು 64 ಪರ್ಸೆಂಟ್ ಮೀರುತ್ತದೆ ಎನ್ನುತ್ತದೆ ಸಚಿವಾಲಯ. 2015ರಲ್ಲಿ ಅದೇ ಸಿಎಜಿ ಅಂದಾಜಿಸಿದ್ದು 35 ಪರ್ಸೆಂಟ್. ಇದು ಸಣ್ಣ ಜಿಗಿತವಲ್ಲ.

ಸೋಲುವುದು ಎಲ್ಲಿ? ಹೊಟ್ಟೆ ಚಿಕ್ಕದು. ದೂರ ಹೋಗಬೇಕಾದರೆ ರೆಕ್ಕೆಯಡಿ 1,200 ಲೀಟರಿನ ಎರಡು ಟ್ಯಾಂಕ್ ಕಟ್ಟಬೇಕು. ಅವುಗಳಲ್ಲಿನ ಇಂಧನದ ತೂಕವೇ ಸುಮಾರು 1,900 ಕೆಜಿ. ಮೇಲಾಗಿ ಭಾರವಾದ ಬಾಂಬ್ ಹೊರಬಲ್ಲ ಎರಡು ತೂಗುಜಾಗ ಅಲ್ಲಿಗೆ ಮುಗಿಯಿತು. ಉಳಿದ ಜಾಗದಲ್ಲಿ ಕ್ಷಿಪಣಿ, ಗುರಿ ತೋರುವ ಪಾಡ್, ಜ್ಯಾಮರ್ ಎಲ್ಲವೂ ಪೈಪೋಟಿಗೆ ನಿಲ್ಲುತ್ತವೆ. ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ ಮೂತಿಯ ಬಲಬದಿಯಲ್ಲಿದೆ ನಿಜ, ಆದರೆ ತುಂಬಿಸುವ ಟ್ಯಾಂಕರ್ ವಿಮಾನಗಳೇ ವಾಯುಪಡೆಯಲ್ಲಿ ಬೆರಳೆಣಿಕೆ. ಗಡಿಯ ಹತ್ತಿರ ಆಕಾಶ ಕಾಯುವುದಕ್ಕೆ ಮಾರ್ಕ್-1ಎ ಹೇಳಿಮಾಡಿಸಿದ ವಿಮಾನ. ಆಳಕ್ಕೆ ನುಗ್ಗಿ ಹೊಡೆದು ಬಾ ಎಂದು ಇದಕ್ಕೆ ಹೇಳುವುದು ನ್ಯಾಯವಲ್ಲ. ಆ ಕೆಲಸಕ್ಕೆ ಸುಖೋಯ್, ರಫೇಲ್ ಇವೆ. ಹತ್ತಕ್ಕೆ ಏಳು ಅಂಕ ಈ ಲೆಕ್ಕದಲ್ಲಿ.

ಎಂಜಿನ್, ಅಥವಾ 2016ರಲ್ಲಿ ಏನಾಯಿತು

ಈಗ ಯೋಜನೆಗೆ ಬರೋಣ. ವಿಳಂಬಕ್ಕೆ ಎಲ್ಲರೂ ಹೇಳುವ ಕಾರಣ ಒಂದೇ: ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಎಂಜಿನ್ ಕೊಡಲಿಲ್ಲ. ಮಾತು ಸುಳ್ಳಲ್ಲ, ಅರ್ಧ ಮಾತು. ಇನ್ನರ್ಧ ತಿಳಿಯಲು ಎರಡು ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ತೇಜಸ್‌ನ ಎಂಜಿನ್ ಎಫ್404-ಐಎನ್20. ಇದು ಭಾರತಕ್ಕೆಂದೇ ಹೊಂದಿಸಿದ ಮಾದರಿ, ಆಫ್ಟರ್‌ಬರ್ನರ್ (ಹೊರಬೀಳುವ ಬಿಸಿಗಾಳಿಗೆ ಮತ್ತೆ ಇಂಧನ ಸುರಿದು ಬಲ ಹೆಚ್ಚಿಸುವ ಭಾಗ) ಹಾಕಿದಾಗ ಸುಮಾರು 85 ಕಿಲೋನ್ಯೂಟನ್ ತಳ್ಳುತ್ತದೆ. ಬೇರೆ ಗಿರಾಕಿ ಇಲ್ಲದ ಮಾದರಿ ಎಂಬುದನ್ನು ನೆನಪಿನಲ್ಲಿಡಿ. ಹಳೆಯ ಆರ್ಡರ್‌ನ 65 ಎಂಜಿನ್‌ಗಳನ್ನು ಕಂಪನಿ 2016ರ ಹೊತ್ತಿಗೆ ಕೊಟ್ಟು ಮುಗಿಸಿತು. ಮುಂದೆ ಆರ್ಡರ್ ಇಲ್ಲ. ಉತ್ಪಾದನಾ ಲೈನ್ ಮುಚ್ಚಿದರು.

ದಿಲ್ಲಿಯ ಕ್ಯಾಲೆಂಡರ್: ಅದೇ 2016ರ ನವೆಂಬರ್‌ನಲ್ಲಿ ರಕ್ಷಣಾ ಖರೀದಿ ಮಂಡಳಿ 83 ಮಾರ್ಕ್-1ಎ ಬೇಕು ಎಂದು ಒಪ್ಪಿತು. 2017ರ ಡಿಸೆಂಬರ್‌ನಲ್ಲಿ ಎಚ್‌ಎಎಲ್‌ಗೆ ಟೆಂಡರ್ ಹೋಯಿತು. ಒಬ್ಬನೇ ಮಾರಾಟಗಾರ, ಅವನೂ ಸರ್ಕಾರಿ ಕಂಪನಿಯೇ, ಆದರೂ ಬೆಲೆಯ ಚೌಕಾಸಿ 2020ರ ಮಾರ್ಚ್‌ವರೆಗೆ ಎಳೆಯಿತು. ಸಂಪುಟ ಸಮಿತಿಯ ಒಪ್ಪಿಗೆ 2021ರ ಜನವರಿ 13ಕ್ಕೆ, ಏರೋ ಇಂಡಿಯಾದಲ್ಲಿ ಸಹಿ ಫೆಬ್ರವರಿ 3ಕ್ಕೆ. ಎಂಜಿನ್‌ಗೆ ಆರ್ಡರ್ ಹೋದದ್ದು ಆಗಸ್ಟ್‌ನಲ್ಲಿ: 99 ಎಂಜಿನ್, 71.6 ಕೋಟಿ ಡಾಲರ್.

ಐದು ವರ್ಷ ಬಾಗಿಲು ಹಾಕಿದ್ದ ಲೈನನ್ನು ಮತ್ತೆ ತೆರೆಯುವುದೆಂದರೆ ಸ್ವಿಚ್ ಒತ್ತುವ ಕೆಲಸವಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗು, ಎರಕದ ಕವಚ, ಬೇರಿಂಗ್‌ಗಳನ್ನು ಮಾಡಿಕೊಡುವುದು ಬೇರೆ ಬೇರೆ ಪೂರೈಕೆದಾರರು. ಆರ್ಡರ್ ನಿಂತಾಗ ಅವರು ಅಚ್ಚುಗಳನ್ನು ಎತ್ತಿಟ್ಟು ಯಂತ್ರಗಳನ್ನು ಬೇರೆ ಕೆಲಸಕ್ಕೆ ಹಚ್ಚಿರುತ್ತಾರೆ, ನುರಿತ ಕೈಗಳು ಬೇರೆಡೆ ಹೋಗಿರುತ್ತವೆ. ಮರಳಿ ಶುರು ಮಾಡಿದ ಮೇಲೆ ಮೊದಲ ಬಿಡಿಭಾಗವನ್ನು ಹೊಸದೆಂಬಂತೆ ಮತ್ತೆ ಪರೀಕ್ಷಿಸಿ ಪಾಸು ಮಾಡಬೇಕು. ಯಾವನೋ ಒಬ್ಬ ಪೂರೈಕೆದಾರ ಕೈಕೊಟ್ಟರೂ ಇಡೀ ಎಂಜಿನ್ ನಿಲ್ಲುತ್ತದೆ. ಮಧ್ಯೆ ಕೋವಿಡ್ ನಂತರದ ಬಿಡಿಭಾಗಗಳ ಬರ ಬೇರೆ. 99ರಲ್ಲಿ ಮೊದಲ ಎಂಜಿನ್ ಹೊರಬಿದ್ದದ್ದು 2025ರ ಮಾರ್ಚ್‌ನಲ್ಲಿ. ತಡಮಾಡಿದ್ದಕ್ಕೆ ಕಂಪನಿಯನ್ನು ಬೈಯೋಣ, ಬೇಡ ಅನ್ನುವುದಿಲ್ಲ. ಆದರೆ 2016ರಲ್ಲಿ ‘ಅಗತ್ಯವಿದೆ’ ಎಂದು ಒಪ್ಪಿದ ದಿನವೇ ಎಂಜಿನ್ನಿಗಷ್ಟೇ ಮುಂಗಡ ಕೊಟ್ಟಿದ್ದರೆ ಲೈನ್ ಮುಚ್ಚುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಬೇಕಾಗುವ ಬಿಡಿಭಾಗಕ್ಕೆ ಮುಖ್ಯ ಒಪ್ಪಂದಕ್ಕಿಂತ ಮೊದಲೇ ಹಣ ಕಟ್ಟುವುದು ವಿಮಾನ ತಯಾರಿಕೆಯಲ್ಲಿ ಹಳೇ ಪದ್ಧತಿ.

ಇದಕ್ಕೆಲ್ಲ ಹಿಂದಿನ ಕತೆ ಕಾವೇರಿ ಎಂಜಿನ್. 1989ರಲ್ಲಿ ಮಂಜೂರು, ಬೆಂಗಳೂರಿನ ಎಂಜಿನ್ ಪ್ರಯೋಗಾಲಯ ಜಿಟಿಆರ್‌ಇ ಹೊಣೆ. ಬೇಕಿದ್ದಷ್ಟು ಬಲ ಬರಲಿಲ್ಲ, ತೂಕವೂ ಹೆಚ್ಚಾಯಿತು, 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಿದರು. ಅದು ಗೆದ್ದಿದ್ದರೆ ಈ ಭಾಗ ಬರೆಯಬೇಕಾಗಿಯೇ ಇರಲಿಲ್ಲ.

ಎಂಜಿನ್ ಇಲ್ಲದೆ ಫ್ಯಾಕ್ಟರಿ ಏನು ಮಾಡುತ್ತದೆ

ವಿಮಾನ ಕಟ್ಟುವುದನ್ನು ಮನೆ ಕಟ್ಟುವುದಕ್ಕೆ ಹೋಲಿಸಿದರೆ ತಪ್ಪು ಲೆಕ್ಕ ಬರುತ್ತದೆ. ಮನೆಯಲ್ಲಿ ಕರೆಂಟ್ ಕೊನೆಗೆ ಬಂದರೂ ನಡೆಯುತ್ತದೆ. ಇಲ್ಲಿ ಮೂತಿ, ನಡು, ಹಿಂಭಾಗ ಎಂಬ ಮೂರು ತುಂಡುಗಳನ್ನು ಅಲುಗದಂತೆ ಹಿಡಿದಿಡುವ ಚೌಕಟ್ಟಿನ (ಜಿಗ್) ಮೇಲೆ ಕೂರಿಸಿ ಮಿಲಿಮೀಟರ್‌ಗಿಂತ ಕಡಿಮೆ ವ್ಯತ್ಯಾಸದಲ್ಲಿ ಜೋಡಿಸುತ್ತಾರೆ. ಆಮೇಲೆ ರೆಕ್ಕೆ, ವೈರಿಂಗ್, ಇಂಧನದ ಮತ್ತು ಹೈಡ್ರಾಲಿಕ್ ಪೈಪು, ಪೆಟ್ಟಿಗೆ ಪೆಟ್ಟಿಗೆ ಎಲೆಕ್ಟ್ರಾನಿಕ್ಸ್, ಕೊನೆಗೆ ಎಂಜಿನ್. ಆದರೆ ಹೈಡ್ರಾಲಿಕ್ ಪಂಪನ್ನೂ ಜನರೇಟರನ್ನೂ ತಿರುಗಿಸುವ ಗೇರ್‌ಬಾಕ್ಸ್‌ಗೆ ಶಕ್ತಿ ಬರುವುದೇ ಎಂಜಿನ್ನಿನಿಂದ. ಅದಿಲ್ಲದಿದ್ದರೆ ಹೊರಗಿನ ಗಾಡಿಯಿಂದ ಕರೆಂಟ್, ಒತ್ತಡ ಕೊಟ್ಟು ಅರ್ಧ ಪರೀಕ್ಷೆಯಷ್ಟೇ ಮಾಡಬಹುದು. ನಿಜವಾದ ಕಂಪನ, ಬಿಸಿ, ವೋಲ್ಟೇಜ್ ಏರಿಳಿತದಲ್ಲಿ ಯಾವ ಕನೆಕ್ಟರ್ ಸಡಿಲ, ಯಾವ ಪೈಪಿನ ತುದಿ ಸೋರುತ್ತದೆ ಎಂಬುದು ಎಂಜಿನ್ ಉರಿದ ದಿನವೇ ಬಯಲಾಗುವುದು. ಬೆಂಗಳೂರಿನಲ್ಲಿ ಕಾಯ್ದಿಟ್ಟ ಹಳೆಯ ಎಂಜಿನ್‌ಗಳನ್ನು ಹಾಕಿ ಹಾರಿಸಿ, ಮತ್ತೆ ಬಿಚ್ಚಿ ಮುಂದಿನ ವಿಮಾನಕ್ಕೆ ಕೂರಿಸಿದ್ದು ಇದೇ ಕಾರಣಕ್ಕೆ. ಮೊದಲ ಮಾರ್ಕ್-1ಎ 2024ರ ಮಾರ್ಚ್ 28ರಂದು ಹಾಗೆಯೇ ಹಾರಿತು. ಜಾಣ ಉಪಾಯ. ಆದರೆ ಹಾರಿದ ವಿಮಾನ ಬೇರೆ, ಒಪ್ಪಿಸಿದ ವಿಮಾನ ಬೇರೆ.

ಎಂಜಿನ್ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ ಎಂಬುದನ್ನೂ ಹೇಳಬೇಕು. ರೇಡಾರ್ ಹೊಸದು, ನಿಯಂತ್ರಣ ಕಂಪ್ಯೂಟರ್ ಹೊಸದು, ಅಸ್ತ್ರ ಕ್ಷಿಪಣಿಯನ್ನು ಇವೆರಡರ ಜೊತೆ ಮಾತಾಡಿಸುವ ಸಾಫ್ಟ್‌ವೇರ್ ಹೊಸದು. ಒಂದನ್ನು ತಿದ್ದಿದರೆ ಇನ್ನೊಂದನ್ನು ಮತ್ತೆ ಪರೀಕ್ಷಿಸಬೇಕು, ಪ್ರತಿ ಹೆಜ್ಜೆಗೂ ಸೇನಾ ವಿಮಾನಗಳ ಹಾರಾಟ ಯೋಗ್ಯತೆ ತೀರ್ಮಾನಿಸುವ ಸೆಮಿಲ್ಯಾಕ್ ಸಂಸ್ಥೆಯ ಪ್ರಮಾಣಪತ್ರ ಬೇಕು. ತೇಜಸ್‌ನಿಂದ ಹಾರಿಸಿದ ಅಸ್ತ್ರ, ಹಾರುವ ಗುರಿಗೆ ನೇರ ಬಡಿದ ಪರೀಕ್ಷೆಯೇ 2025ರ ಮಾರ್ಚ್‌ನಲ್ಲಿ ನಡೆಯಿತು, ಅದೂ ಮಾರ್ಕ್-1ರ ಮಾದರಿ ವಿಮಾನದಿಂದ. ಎಂಜಿನ್ ತಡ ಎಂಬ ದೊಡ್ಡ ನೆರಳಿನಲ್ಲಿ ಈ ಸಣ್ಣ ತಡಗಳು ತಣ್ಣಗೆ ಕೂತಿದ್ದವು.

ಉತ್ಪಾದನೆಯ ಕಡೆ ಮಾತ್ರ ಮೆಚ್ಚಬೇಕು. ಬೆಂಗಳೂರಿನ ಎರಡು ಲೈನ್‌ಗೆ ವರ್ಷಕ್ಕೆ 16, ನಾಸಿಕದ ಮೂರನೆಯದಕ್ಕೆ 8; ಒಟ್ಟು 24 ವಿಮಾನದ ತಾಕತ್ತು. ನಾಸಿಕದ ಮೊದಲ ವಿಮಾನ 2025ರ ಅಕ್ಟೋಬರ್ 17ರಂದು ಹಾರಿತು. ರೆಕ್ಕೆ ಕೊಯಮತ್ತೂರಿನ ಎಲ್ ಅಂಡ್ ಟಿಯಿಂದ, ನಡುಭಾಗ ಹೈದರಾಬಾದಿನ ವೆಮ್ ಟೆಕ್ನಾಲಜೀಸ್‌ನಿಂದ, ಹಿಂಭಾಗ ಆಲ್ಫಾ ಟೋಕೋಲ್‌ನಿಂದ ಬರತೊಡಗಿದೆ. ಎಲ್ಲವನ್ನೂ ಒಂದೇ ಸೂರಿನಡಿ ಮಾಡುವ ಹಟ ಬಿಟ್ಟದ್ದು ಒಳ್ಳೆಯದಾಯಿತು. ಎರಡೂ ಆರ್ಡರ್ ಸೇರಿ 180 ವಿಮಾನ. ವರ್ಷಕ್ಕೆ 24ರಂತೆ ಏಳೂವರೆ ವರ್ಷ, 16ರಂತಾದರೆ ಹನ್ನೊಂದು ವರ್ಷ ದಾಟುತ್ತದೆ. 180ರಲ್ಲಿ 39 ತರಬೇತಿಗೆ ಬಳಸುವ ಎರಡು ಸೀಟಿನವು ಎಂಬುದನ್ನು ಲೆಕ್ಕ ಹಾಕುವವರು ಮರೆಯುತ್ತಾರೆ. ಹೊಸ ಪೈಲಟ್ ಒಬ್ಬ ಮುಂದೆ, ಕಲಿಸುವವರು ಹಿಂದೆ. ಸ್ಕ್ವಾಡ್ರನ್ ತುಂಬಿದರೂ ಗಡಿ ಕಾಯುವ ವಿಮಾನ ಅಷ್ಟು ಕಡಿಮೆ.

ವಾಯುಪಡೆ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ 2025ರ ಮೇ ತಿಂಗಳಲ್ಲಿ ವೇದಿಕೆಯ ಮೇಲೆಯೇ, ಹೇಳಿದ ಸಮಯಕ್ಕೆ ಮುಗಿದ ಒಂದು ಯೋಜನೆಯೂ ತಮಗೆ ನೆನಪಾಗುತ್ತಿಲ್ಲ ಎಂಬರ್ಥದ ಮಾತಾಡಿದರು. ಸಮವಸ್ತ್ರದಲ್ಲಿರುವವರು ಬಹಿರಂಗವಾಗಿ ಅಷ್ಟು ಹೇಳುವುದು ಅಪರೂಪ.

ಬೆಲೆಪಟ್ಟಿ ಓದುವ ರೀತಿ

ಮೊದಲ ಒಪ್ಪಂದದ 46,898 ಕೋಟಿಯನ್ನು 83ರಿಂದ ಭಾಗಿಸಿ ‘ಒಂದು ತೇಜಸ್‌ಗೆ 565 ಕೋಟಿ’ ಎಂದು ಬರೆದವರೇ ಹೆಚ್ಚು. ಎಚ್‌ಎಎಲ್ ಆಗ ಹೇಳಿದ ಬರೀ ವಿಮಾನದ ಬೆಲೆ ಯುದ್ಧವಿಮಾನಕ್ಕೆ 309 ಕೋಟಿ, ತರಬೇತಿಯದಕ್ಕೆ 280 ಕೋಟಿ. 73 ಮತ್ತು 10ಕ್ಕೆ ಗುಣಿಸಿದರೆ 25,000 ಕೋಟಿ ಚಿಲ್ಲರೆ. ಉಳಿದದ್ದು ನೆಲೆಗಳಲ್ಲಿ ಬೇಕಾಗುವ ಪರೀಕ್ಷಾ ಉಪಕರಣ, ಬಿಡಿಭಾಗ, ತೆರಿಗೆ, ಸುಂಕ. ಹೊಸ 97ರ ಮೊತ್ತ ತೆರಿಗೆ ಬಿಟ್ಟು ಹೇಳಿದ್ದು, ಹಾಗಾಗಿ ಎರಡನ್ನೂ ನೇರ ಹೋಲಿಸಬಾರದು. ನೌಕಾಪಡೆಯ 26 ರಫೇಲ್-ಎಂಗೆ ಸುಮಾರು 63,000 ಕೋಟಿ ಅಂದಾಗಲೂ ಅಷ್ಟೇ. ಅದರಲ್ಲಿ ಶಸ್ತ್ರ, ಸಿಮ್ಯುಲೇಟರ್, ತರಬೇತಿ ಎಲ್ಲ ಸೇರಿದೆ.

ಹಡಗಿನ ಮೇಲೆ

ನೌಕಾಪಡೆಯ ಪಾಲಿಗೆ ಇದೇ ಯೋಜನೆ ಬೇರೆಯೇ ರುಚಿ ತೋರಿಸಿತು. ನೌಕಾ ತೇಜಸ್‌ನ ಮೂತಿಯನ್ನು ಕೆಳಕ್ಕೆ ಬಾಗಿಸಿದರು, ಇಳಿಯುವಾಗ ಡೆಕ್ ಕಾಣಲೆಂದು. ರೆಕ್ಕೆಯ ಬುಡದಲ್ಲಿ ಲೆವ್‌ಕಾನ್ ಎಂಬ ಆಡುವ ಹಲಗೆ ಸೇರಿಸಿದರು, ವೇಗ ತಗ್ಗಿಸಲೆಂದು. ಬಾಲಕ್ಕೆ ಕೊಕ್ಕೆ, ಕಾಲುಗಳಿಗೆ ಭಾರೀ ಉಕ್ಕು. ರನ್‌ವೇಯಲ್ಲಿ ಪೈಲಟ್ ಕೊನೇ ಗಳಿಗೆಯಲ್ಲಿ ಮೂತಿ ಎತ್ತಿ ಹಗುರಾಗಿ ನೆಲ ಮುಟ್ಟಿಸುತ್ತಾನೆ. ಡೆಕ್ ಮೇಲೆ ಆ ನಯಕ್ಕೆ ಜಾಗವಿಲ್ಲ. ಹಿಡಿದ ಇಳಿಜಾರನ್ನು ಬಿಡದೆ ಬಂದು ಅಪ್ಪಳಿಸಬೇಕು. ಕೊಕ್ಕೆ ಅಡ್ಡತಂತಿಯನ್ನು ಹಿಡಿದರೆ ಗಂಟೆಗೆ 240 ಕಿಮೀ ಆಸುಪಾಸಿನ ವೇಗ ಎರಡೂವರೆ ಸೆಕೆಂಡಿನಲ್ಲಿ, ಸುಮಾರು 90 ಮೀಟರ್ ಒಳಗೆ ಸೊನ್ನೆಯಾಗುತ್ತದೆ. ತಂತಿ ತಪ್ಪಿದರೆ ಮತ್ತೆ ಹಾರಿಹೋಗಬೇಕಲ್ಲ, ಅದಕ್ಕೇ ಚಕ್ರ ತಾಗುತ್ತಿದ್ದಂತೆ ನಿಲ್ಲಿಸುವ ಬದಲು ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡುತ್ತಾರೆ. 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ, 2023ರ ಫೆಬ್ರವರಿಯಲ್ಲಿ ವಿಕ್ರಾಂತ್ ಮೇಲೆ ಈ ವಿಮಾನ ಇದನ್ನು ಮಾಡಿ ತೋರಿಸಿತು. ಈ ವಿದ್ಯೆ ಬಲ್ಲ ದೇಶಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು.

ಆದರೂ ನೌಕಾಪಡೆ ಒಂದನ್ನೂ ಕೊಳ್ಳಲಿಲ್ಲ. ಸರಿಯಾಗಿಯೇ ಮಾಡಿತು. ನಮ್ಮ ಎರಡೂ ಹಡಗುಗಳಲ್ಲಿ ಕವಣೆಯಂತೆ ಎಸೆಯುವ ಕ್ಯಾಟಪಲ್ಟ್ ಇಲ್ಲ. ಮುಂದೆ ಎತ್ತರಿಸಿದ ಇಳಿಜಾರಿನ ಮೇಲೆ ವಿಮಾನ ತನ್ನ ಸ್ವಂತ ಬಲದಲ್ಲೇ ಓಡಿ ನೆಗೆಯಬೇಕು. ಕಾಲಿಗೆ ಕಟ್ಟಿದ ಉಕ್ಕಿನ ಭಾರ ಹೊತ್ತ ಒಂದೇ ಎಫ್404 ಪೂರ್ತಿ ಇಂಧನವನ್ನೂ ಪೂರ್ತಿ ಶಸ್ತ್ರವನ್ನೂ ಎತ್ತಲಾರದು ಎಂದು 2016ರ ಡಿಸೆಂಬರ್‌ನಲ್ಲೇ ಅಂದಿನ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಸ್ಪಷ್ಟಪಡಿಸಿದ್ದರು. ತಪ್ಪಾದದ್ದು ಆಮೇಲೆ. 2016ರಲ್ಲಿ ಬೇಡ ಎಂದ ಮೇಲೆ ಬದಲಿ ವಿಮಾನಕ್ಕೆ ಖರೀದಿ ಮಂಡಳಿ ಒಪ್ಪಿದ್ದು 2023ರ ಜುಲೈಯಲ್ಲಿ, ರಫೇಲ್-ಎಂಗೆ ಸಹಿ ಬಿದ್ದದ್ದು 2025ರ ಏಪ್ರಿಲ್ 28ಕ್ಕೆ. ಆ ನಡುವೆ ಸುಮಾರು 20,000 ಕೋಟಿಯ, 262 ಮೀಟರ್ ಉದ್ದದ ವಿಕ್ರಾಂತ್ 2022ರ ಸೆಪ್ಟೆಂಬರ್‌ನಲ್ಲೇ ಕೊಚ್ಚಿಯಲ್ಲಿ ಸೇವೆಗೆ ಸೇರಿಯಾಗಿತ್ತು. ಊಟ ಬರುವ ಮುಂಚೆ ಎಲೆ ಹಾಕಿ ನೀರು ಚಿಮುಕಿಸಿ ಕೂತ ಹಾಗಾಯಿತು. ಕಾರವಾರದ ಕದಂಬ ನೆಲೆಯಲ್ಲಿ ತಂಗುವ ವಿಕ್ರಮಾದಿತ್ಯಕ್ಕೂ ವಿಕ್ರಾಂತ್‌ಗೂ ಹಂಚಿಕೊಳ್ಳಲು ಇರುವುದು ರಷ್ಯಾದಿಂದ ತಂದ 45 ಮಿಗ್-29ಕೆಗಳಲ್ಲಿ ಹಾರುವ ಸ್ಥಿತಿಯಲ್ಲಿರುವವಷ್ಟೇ. ದೇಶೀಯ ಬದಲಿಯಾದ ಎರಡು ಎಂಜಿನ್ನಿನ ಟೆಡ್‌ಬಿಎಫ್ 2025 ಮುಗಿದಾಗಲೂ ನಕ್ಷೆಯಲ್ಲೇ ಇತ್ತು.

ಯೋಜನೆಗೆ ಮೂರು ಅಂಕವಾದರೂ ಕೊಟ್ಟದ್ದು ಯಾಕೆ ಎಂದರೆ, ಎರಡನೇ ಸಲ ಸ್ವಲ್ಪ ಕಲಿತಿದ್ದಾರೆ. 83ರ ಕಡತ ಒಪ್ಪಿಗೆಯಿಂದ ಸಹಿಗೆ ಬರಲು 51 ತಿಂಗಳು ಹಿಡಿಯಿತು. 97ರದ್ದು 2023ರ ನವೆಂಬರ್ 30ರಿಂದ ಲೆಕ್ಕ ಹಾಕಿದರೆ 22 ತಿಂಗಳಲ್ಲಿ ಮುಗಿಯಿತು. ಮೊದಲ ಸಲ ವಿಮಾನದ ಸಹಿಗೂ ಎಂಜಿನ್ನಿನ ಸಹಿಗೂ ಆರು ತಿಂಗಳ ಅಂತರವಿತ್ತು. ಈ ಸಲ ಆರು ವಾರ, 2025ರ ನವೆಂಬರ್ 7ಕ್ಕೆ 113 ಎಂಜಿನ್‌ಗೆ ಆರ್ಡರ್ ಹೋಯಿತು.

ಇನ್ನು ಕಣ್ಣಿಡಬೇಕಾದ ಲೆಕ್ಕ ಒಂದಿದೆ. 83ಕ್ಕೆ 99, 97ಕ್ಕೆ 113. ಎರಡೂ ಸಲ ಹೆಚ್ಚುವರಿ ಎಂಜಿನ್ 16 ಮಾತ್ರ. ವಿಮಾನ ಮೂವತ್ತು ವರ್ಷ ಹಾರಬೇಕು. ಎಂಜಿನ್ ಆಗಾಗ ಇಳಿಸಿ ಓವರ್‌ಹಾಲ್‌ಗೆ ಕಳುಹಿಸಬೇಕು, ಹಕ್ಕಿ ಬಡಿದರೆ ಅವಧಿಗೆ ಮುಂಚೆಯೇ ಇಳಿಸಬೇಕು. 180 ವಿಮಾನಕ್ಕೆ 32 ಎಂಜಿನ್ ಮೀಸಲು ಸಾಲದು. 113ರ ಕೊನೆಯ ಎಂಜಿನ್ ಬರುವುದು 2032ರಲ್ಲಿ. ಅದಾದ ಮೇಲೆ ಈ ಮಾದರಿಗೆ ಬೇರೆ ಗಿರಾಕಿ ಇರುವುದಿಲ್ಲ, ಲೈನ್ ಮತ್ತೆ ಮುಚ್ಚುತ್ತದೆ. ಮೀಸಲು ಎಂಜಿನ್‌ಗಳ ಆರ್ಡರ್ 2029ರೊಳಗೆ ಹೋಗಬೇಕು. ಅದರ ಕಡತ ಖರೀದಿ ಮಂಡಳಿಯ ಮೇಜಿಗೆ 2027ರಲ್ಲೇ ಬರಬೇಕು.